ಎಷ್ಟು ಕೊಡುತ್ತೆ

ಬಿಟರ್‌ವಾಟರ್ ಅಂದರೆ ಕಹಿನೀರು.
ಹೆಸರಿನಲ್ಲಿ ನೀರಿದೆ, ಊರಿನಲ್ಲಿಲ್ಲ.
ಎರಡು ಪಂಪು, ಹಳೆ ಟೈರುಗಳ ಗುಡ್ಡೆ,
ಐಸು ಮಾರುವ ಪೆಟ್ಟಿಗೆ, ಮತ್ತೆ ನಾನು,
ಫ್ರೆಡರಿಕಾ ಗೋವಾಸೆಸ್. ಎದೆಯ ಬಿಲ್ಲೆಯಲ್ಲಿ ಬರೀ ಫ್ರೆಡಿ.
ಸ್ವಾಕೊಪ್‌ಮುಂಡಿಗೆ ಇನ್ನೂರು ಕಿಲೋಮೀಟರು, ಅಷ್ಟೂ ಜಲ್ಲಿ.

ಮಗಳ ಗಣಿತದ ನೋಟ್‌ಬುಕ್ಕಿನಲ್ಲಿ
ಖಾಲಿ ಹಾಳೆ ಉಳಿದಿದ್ದವು.
ಯಾರೂ ಹೇಳದೆ ಅದರಲ್ಲಿ ಬರೆದಿಡುತ್ತೇನೆ:
ಓಡಿದ್ದೆಷ್ಟು, ಕುಡಿದದ್ದೆಷ್ಟು.
ಗಾಜು ಒರೆಸುವಾಗ ಒಳಗಿನ ಮೀಟರು ಕಾಣುತ್ತದೆ,
ಕಾಣದಿದ್ದರೆ ಕೇಳುತ್ತೇನೆ, ಎಷ್ಟು ಕೊಡುತ್ತೆ?
ಗಂಡಸರು ಈ ಒಂದು ಪ್ರಶ್ನೆಗೆ
ಹೆಂಡತಿಯ ಎದುರಿಗೇ ಸುಳ್ಳು ಹೇಳುತ್ತಾರೆ.

ಎಂಟು ಸಿಲಿಂಡರಿನ ಪೆಟ್ರೋಲ್ ಗಾಡಿಗೆ
ನಳಿಗೆ ಸಿಕ್ಕಿಸಿ ನಿಂತರೆ ಕಾಲು ಜೋಮು ಹಿಡಿಯುತ್ತದೆ.
ನೂರಾ ಮೂವತ್ತೊಂದು ಲೀಟರು.
ಬತ್ತಿದ ಹೊಳೆಗುಂಟ ಅಲೆಯುವ ನಮ್ಮ ಆನೆಗಳೂ
ಇದಕ್ಕಿಂತ ಬೇಗ ತಲೆ ಎತ್ತುತ್ತವೆ.
ಏಳು ಕೊಡುತ್ತೆ, ಅಂದ.
ನಾಲ್ಕೂಮುಕ್ಕಾಲು, ಅಂದಿತು ನೋಟ್‌ಬುಕ್ಕು,
ಛಾವಣಿಯ ಮೇಲಿನ ಡೇರೆ, ಎದುರುಗಾಳಿ, ಎಲ್ಲ ಸೇರಿ.
ಟಿಪ್ಸು ಮಾತ್ರ ಅವನಷ್ಟು ಯಾರೂ ಕೊಡುವುದಿಲ್ಲ.

ಡೀಸೆಲ್ಲಿನವರಿಗೆ ಮಾತು ಕಡಿಮೆ.
ಆರು ಸಿಲಿಂಡರು, ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.
ಹತ್ತು ಅಂದರೆ ಒಂಬತ್ತೂವರೆ.
ಅಷ್ಟು ಸುಳ್ಳು ನಾನೂ ಹೇಳುತ್ತೇನೆ.

ಪ್ಲಗ್ಗೂ ಇದೆ ಟ್ಯಾಂಕೂ ಇದೆ ಎನ್ನುವ ಜಾತಿಯದೊಂದು ಬಂತು,
ಜರ್ಮನ್ ಗಂಡಹೆಂಡತಿ, ಕಂಪನಿಯ ಕರಪತ್ರದಲ್ಲಿ ಐವತ್ತು.
ವಿಂಡ್‌ಹುಕ್ ಬಿಟ್ಟು ಒಕಹಾಂಜ ಮುಟ್ಟುವಷ್ಟರಲ್ಲಿ ಬ್ಯಾಟರಿ ಮುಗಿದು
ಮಿಕ್ಕ ದಾರಿಯೆಲ್ಲ ಗಾಡಿ ಅದನ್ನು
ಹೆಣದಂತೆ ಹೊತ್ತು ತಂದಿತ್ತು.
ಎಂಟು.

ಕತ್ತೆಗಾಡಿಗಳೂ ಬರುತ್ತವೆ, ಟೈರಿಗೆ ಗಾಳಿ ಹಾಕಿಸಲು.
ಅವನ್ನು ಬರೆಯುವುದಿಲ್ಲ.

ಆಮೇಲೆ ಜೂನಿನ ಒಂದು ಸಂಜೆ, ಐದು ಗಂಟೆಗೆ,
ಸದ್ದೇ ಇಲ್ಲದೆ ಒಂದು.
ನಾಯಿ ಕೂಡ ಏಳಲಿಲ್ಲ.
ಇಗ್‌ಶಾನ್ ಅಂತ, ಕೇಪ್‌ಟೌನಿನ ಹುಡುಗ,
ಕಂಪನಿಯ ಹೊಸ ಗಾಡಿಯನ್ನು ಊರೂರಿಗೆ ತೋರಿಸಲು ಹೊರಟವನು.
ನಾನು ನಳಿಗೆ ಎತ್ತಿಕೊಂಡು ಸುತ್ತ ಬಾಯಿ ಹುಡುಕಿದೆ.
ಇದು ಕುಡಿಯೋದಿಲ್ಲ ಆಂಟಿ, ಕರೆಂಟು ಇದೆಯಾ?
ಎಷ್ಟು ಕೊಡುತ್ತೆ?
ಲೀಟರೇ ಇಲ್ಲ. ಸೊನ್ನೆ.

ಕರೆಂಟು ಇತ್ತು, ಹಿಂದಿನ ತಗಡಿನ ಕೋಣೆಯಲ್ಲಿ,
ಜನರೇಟರಿನ ಹೊಟ್ಟೆಯೊಳಗೆ.
ರಾತ್ರಿಯಿಡೀ ಅದು ಗುಡುಗುಟ್ಟಿತು.
ಹುಡುಗ ಸೀಟು ಚಾಚಿ ಮಲಗಿದ.
ನಾನು ನಾಲ್ಕು ಸಲ ಎದ್ದು ಕ್ಯಾನಿನಿಂದ ಡೀಸೆಲ್ ಸುರಿದೆ,
ಎರಡಕ್ಕೂ ಶಕ್ತಿ ಸಾಲದೆ ಐಸಿನ ಪೆಟ್ಟಿಗೆ ಆರಿಸಿದೆ.
ಬೆಳಗ್ಗೆ ಏಳಕ್ಕೆ ಅಳೆದರೆ ಇಪ್ಪತ್ತೊಂದು ಲೀಟರು.
ಅವನ ಪರದೆಯ ಮೇಲೆ ಇನ್ನೂರ ಹತ್ತು ಕಿಲೋಮೀಟರು.
ಭಾಗಿಸಲು ಪೆನ್ಸಿಲ್ಲೂ ಬೇಕಾಗಲಿಲ್ಲ.

ರಸೀದಿಯಲ್ಲಿ ಕರೆಂಟು ಅಂತ ಬರಿ, ಆಫೀಸಿಗೆ ಕೊಡಬೇಕು, ಅಂದ.
ನನ್ನ ಹತ್ತಿರ ಇರುವುದು ಎರಡೇ ಮೊಹರು.
ಡೀಸೆಲ್ ಒತ್ತಿದೆ.
ಅದನ್ನು ನೋಡಿದ, ತಲೆ ಎತ್ತಿ
ಆಗಲೇ ಸುಡತೊಡಗಿದ್ದ ಆಕಾಶ ನೋಡಿದ.
ಇಷ್ಟು ಬಿಸಿಲನ್ನು ಯಾರೂ ಯಾಕೆ ಹಿಡಿಯುತ್ತಿಲ್ಲ?
ಹನ್ನೆರಡು ಸೋಲಾರ್ ಹಲಗೆ ಬಂದಿದ್ದವಪ್ಪ, ಅಂದೆ,
ಕದ್ದವರಿಗೂ ಮನೆಯಿದೆ, ಮನೆಯಲ್ಲಿ ಕತ್ತಲಿದೆ.

ಸದ್ದಿಲ್ಲದೆ ಹೋದ. ಧೂಳು ಮಾತ್ರ
ಎಲ್ಲರದರಷ್ಟೇ ಎದ್ದಿತು.
ಪೆಟ್ಟಿಗೆಯೊಳಗೆ ಐಸಿನ ಚೀಲಗಳು ಮೆತ್ತಗಾಗಿದ್ದವು,
ಅವನ್ನು ನಾಯಿಗೂ ಬೇವಿನ ಗಿಡಕ್ಕೂ ಹಂಚಿದೆ.

ಯಾವ ಸಾಲಿಗೆ ಸೇರಿಸಬೇಕೋ ತಿಳಿಯದೆ
ಹೊಸ ಹಾಳೆ ತಿರುವಿದೆ.
ಅದು ಖಾಲಿಯಿರಲಿಲ್ಲ. ಮಗಳ ಕೈಬರಹ, ಏಳನೇ ಕ್ಲಾಸಿನದು:
ಒಂದು ನಲ್ಲಿ ತೊಟ್ಟಿಯನ್ನು ಎರಡು ಗಂಟೆಯಲ್ಲಿ ತುಂಬಿಸುತ್ತದೆ,
ಇನ್ನೊಂದು ಮೂರು ಗಂಟೆಯಲ್ಲಿ ಬರಿದು ಮಾಡುತ್ತದೆ, ಹಾಗಾದರೆ.
ಉತ್ತರದ ಜಾಗದಲ್ಲಿ ಒಂದು ಕತ್ತೆಯ ಚಿತ್ರ,
ಕಿವಿಗಳು ತುಂಬ ಚೆನ್ನಾಗಿ ಬಂದಿವೆ.
ಟೀಚರು ಕೊಟ್ಟದ್ದು
ಕೆಂಪು ಶಾಯಿಯಲ್ಲಿ ಒಂದು ಸೊನ್ನೆ.